ಬಾಗಿಲಿನಿಂದ ಹಾಕಿದ ನೆಲ

ಕೊನೆಯ ಸಾಲನ್ನು ಕೂರಿಸಿ ಬೆನ್ನು ನೆಟ್ಟಗೆ ಮಾಡಿದಾಗಲೇ ಅಳಿಯನಿಗೆ ತಾನು ನಿಂತ ಜಾಗದ ಅರಿವಾದದ್ದು. ಹಿಂದೆ ಗೋಡೆ, ಪಕ್ಕದಲ್ಲಿ ಕಂಬಿ ಹಾಕಿದ ಕಿಟಕಿ, ಎದುರಿಗೆ ಬಾಗಿಲಿನವರೆಗೂ ಹಸಿ ಗಾರೆಯ ಮೇಲೆ ಕೂತ ಟೈಲುಗಳು. ಕಾಲಿಟ್ಟರೆ ಕುಸಿಯುತ್ತವೆ.

ನೆಲ ಹಾಕುವವರು ಒಳಗೋಡೆಯಿಂದ ಹೊರಟು, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುತ್ತಾರೆ. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಮನೆಯೊಡತಿಯಾದ ಇಂಗ್ಲಿಷ್ ಟೀಚರು ಬಾಗಿಲಲ್ಲಿ ನಿಂತು, "ಇಲ್ಲಿಂದ ಹೇಗೆ ಕಾಣುತ್ತೆ, ಒಂದು ಸಾಲು ಹಾಕಿ ತೋರಿಸಪ್ಪ" ಎಂದಿದ್ದರು. ಹಾಕಿದ. ಹೊಗಳಿದರು. ಉಬ್ಬಿದವನ ಕೈ ನಿಲ್ಲಲಿಲ್ಲ.

ಈ ಕೋಣೆಯನ್ನು ಒಬ್ಬನೇ ಮುಗಿಸಿದರೆ ಸ್ವಂತ ಕೆಲಸ ಹಿಡಿಯಬಹುದು, ಬೇರೆ ಮನೆ ಮಾಡಬಹುದು ಎಂದು ಮೇಸ್ತ್ರಿಯಾದ ಮಾವ ಮಾತು ಕೊಟ್ಟಿದ್ದ. ಮದುವೆಯಾದಂದಿನಿಂದ ಮಾವನ ಸೂರು, ಮಾವನ ಕರಣೆ.

ಮಾವ ಬಂದು ಹೊಸ್ತಿಲಲ್ಲಿ ನಿಂತ. ಹಿಂದೆಯೇ ಟೀಚರು.

"ಏನು ಅಳಿಯಂದಿರೇ, ಮೂಲೆಯಲ್ಲೇ ಸಂಸಾರ ಹೂಡಿದ್ರಾ?"

"ಗಾರೆ ಬಿಗಿಯೋವರೆಗೂ ಇಲ್ಲೇ ಇರ್ತೀನಿ ಮಾವ. ಬೆಳಿಗ್ಗೆ ಆಚೆ ಬರ್ತೀನಿ."

"ಇರಪ್ಪ, ಯಾರು ಬೇಡ ಅಂದ್ರು? ಕಾಲ ಹತ್ತಿರ ಸಂದು ನೋಡ್ಕೋ."

ನೋಡಿದ. ಬಾಗಿಲಲ್ಲಿ ನೂಲಿನಷ್ಟಿದ್ದ ಓರೆ, ಸಾಲಿಗೆ ಸಾಲು ಕೂಡುತ್ತ ಬಂದು, ಮೂಲೆಯಲ್ಲಿ ಬೆರಳು ತೂರುವಷ್ಟಾಗಿತ್ತು. ಸಾಲು ನೇರವಿಡುವ ದಾರ ಹಿಡಿಯದೆ ಆರಂಭಿಸಿದ್ದ.

ಟೀಚರಿಗೆ ಮರುಕವಾಯಿತು. "ಹೋಗಲಿ ಬಿಡಪ್ಪ. ಇಂಗ್ಲಿಷಿನಲ್ಲಿ ‘ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್’ ಅಂತಾರೆ. ಓಟದವರಿಗೆ ನೆಲದಲ್ಲಿ ಗೀರಿದ ಗೆರೆ ಅದು. ಯಾವ ರಿಯಾಯಿತಿಯೂ ಇಲ್ಲದೆ ಅಲ್ಲಿಂದ ಹೊರಡಬೇಕು. ಈಗ ಸೊನ್ನೆಯಿಂದ ಶುರು ಮಾಡೋದಕ್ಕೆಲ್ಲ ಹಾಗೇ ಅಂತೀವಿ."

"ಇವರಿಗೆ ಸೊನ್ನೆಯೂ ದೂರ, ಟೀಚರಮ್ಮ" ಎಂದ ಮಾವ. "ಹಾಕಿದ್ದನ್ನ ಕಿತ್ತ ಮೇಲಲ್ವೇ ಸೊನ್ನೆ?"

ಅಳಿಯ ಕುಕ್ಕರಗಾಲಿನಲ್ಲಿ ಕೂತು ಮೊದಲ ಟೈಲನ್ನು ಮೀಟಿದ. ಕಿತ್ತು, ಗಾರೆ ಕೆರೆದು, ಗೋಡೆಗೆ ಒರಗಿಸಿ, ಮತ್ತೊಂದನ್ನು ಕಿತ್ತ. ಹೀಗೇ ಇಡೀ ನೆಲವನ್ನು ಬರಿದು ಮಾಡುತ್ತ ಹೊಸ್ತಿಲು ಮುಟ್ಟಿದ. ಮಾವ ಅಲುಗಲಿಲ್ಲ.

"ಸ್ವಲ್ಪ ಸರೀರಿ ಮಾವ."

"ಎಲ್ಲಿಗೆ?"

"ಆಚೆ. ಒಂದು ಉಸಿರು ತಗೊಂಡು ಬರ್ತೀನಿ."

"ಕಲಸಿದ ಗಾರೆ ಕಾಯಲ್ಲ ಕಣಯ್ಯ. ಬಾಗಿಲು ಕೊನೇ ಸಾಲು." ಮಾವ ದಾರದ ತುದಿಯನ್ನು ಅವನ ಕೈಗಿಟ್ಟ. "ಕೊಟ್ಟ ಮಾತು ತಪ್ಪಲ್ಲ. ಒಬ್ಬನೇ ಮುಗಿಸು, ಹೋಗು."

ಅಳಿಯ ದಾರ ಹಿಡಿದು ಒಳಗೋಡೆಯವರೆಗೆ ನಡೆದು ತಿರುಗಿದ. ಇನ್ನೊಂದು ತುದಿಯನ್ನು ಮಾವ ಆಗಲೇ ಬೆರಳಿಗೆ ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದ.