ಕೇರಿಗೊಂದು ಬಚ್ಚಲು

"ದೂರ ನಿಂತ್ಕೊಂಡು ಬೊಗಳ್ರೇ ಮುಂಡೇವಾ! ಹುಳದ ನಾತ ಮೂಗಿಗೆ ಬಡೀತೈತೆ!"

ಮುನಿಸಿಪಾಲಿಟಿ ಅಧ್ಯಕ್ಷ ಕೋನಪ್ಪನವರು ಇಷ್ಟಂದು ಶಲ್ಯದ ತುದಿಯಿಂದ ಮೂಗು ಮುಚ್ಚಿಕೊಂಡರು. ಕೇರಿಯ ಹೆಂಗಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಗಂಗುಲಮ್ಮ ಸರಿಯಲಿಲ್ಲ. ನಾತ ಸುಳ್ಳೇನಲ್ಲ ಬಿಡಿ. ಬೆಳಗ್ಗೆ ಒಲೆ ಮುಂದೆ ಕೂತರೆ ಸಂಜೆ ತನಕ ಕುದಿಯುವ ನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಬಿಚ್ಚುವ ಕೆಲಸ. ಬೆಂದ ಹುಳದ ವಾಸನೆ ಸೀರೆಗೂ ಕೂದಲಿಗೂ ಹತ್ತಿಕೊಂಡೇ ಮನೆಗೆ ಬರುತ್ತದೆ. ಆದರೆ ಆ ಒಲೆಗಳು ಯಾರವು? ಇದೇ ಕೋನಪ್ಪನವರವು! ಅವರ ರೇಷ್ಮೆಗೆ ಮಾತ್ರ ಯಾವ ನಾತವೂ ಇಲ್ಲ.

"ಅದಕ್ಕೇ ಸ್ವಾಮಿ ನಾವು ಬಚ್ಚಲು ಕೇಳ್ತಿರೋದು," ಅಂದಳು ಗಂಗುಲಮ್ಮ. "ನಾಕು ಗೋಡೆ ನಿಲ್ಸಿಕೊಡಿ. ಮಿಂದು ಘಮಘಮ ಅಂತ ಬತ್ತೀವಿ. ಆಗ ಮೂಗು ಬಿಡೀರಂತೆ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದರು.

ಅದು ಐವತ್ತೊಂಬತ್ತನೇ ಇಸವಿ. ಬಡವರ ಕೇರಿಗೆಂದು ಸರ್ಕಾರ ಒಂದಿಷ್ಟು ಹಣ ಕೊಟ್ಟಿತ್ತು. ಜೊತೆಗೆ ಒಂದು ಷರತ್ತು: ಏನು ಬೇಕೆಂದು ಕೇರಿಯವರನ್ನೇ ಕೂರಿಸಿ ಕೇಳಬೇಕು, ಅವರ ಒಪ್ಪಿಗೆ ಕಾಗದದ ಮೇಲಿರಬೇಕು. ಹಾಗಾಗಿ ಹೊಂಗೆಮರದ ಕೆಳಗೆ ಕುರ್ಚಿ ಮೇಜು ಬಂದಿದ್ದವು. ಜಿಲ್ಲೆಯಿಂದ ಬಂದ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಗಡಿಯಾರ ನೋಡುತ್ತಿದ್ದರು. ಗಂಡಸರು ಬಂಡೆ ಒಡೆಯಲು ಹೋಗಿದ್ದ ಹೊತ್ತು ನೋಡಿಯೇ ಅಧ್ಯಕ್ಷರು ಸಭೆ ಇಟ್ಟಿದ್ದರು. ಹೆಂಗಸರಿಗೆ ಒಲೆಯಿಂದ ಅರ್ಧ ದಿನ ರಜ. ಅರ್ಧ ದಿನದ ಕೂಲಿಯೂ ಖೋತಾ. ಎಂಥ ಧರ್ಮಾತ್ಮರು!

ಗಂಗುಲಮ್ಮನಿಗೆ ಬಚ್ಚಲಿನದೇ ಚಿಂತೆ. ಮಗಳು ಆಂಜಿನಮ್ಮ ಹೋದ ವರ್ಷ ದೊಡ್ಡವಳಾಗಿದ್ದಳು. ಎರಡು ಗಳ ನೆಟ್ಟು ಗೋಣಿತಾಟು ಕಟ್ಟಿದ್ದೇ ಅವಳ ಬಚ್ಚಲು. ಪಕ್ಕದಲ್ಲೇ ಚಿಂತಾಮಣಿ ರಸ್ತೆ. ಪೇಟೆಯ ಪೋಲಿಗಳು ಬೀಡಿ ಹಚ್ಚಿಕೊಂಡು ಅಲ್ಲೇ ನಿಲ್ಲುತ್ತಿದ್ದರು. ಮೊನ್ನೆ ಗಾಳಿಗೆ ತಾಟು ಹಾರಿತು, ಪೋಲಿಗಳು ಸಿಳ್ಳೆ ಹೊಡೆದರು. ಅವತ್ತಿನಿಂದ ಹುಡುಗಿ ಮೈಗೆ ನೀರು ಹಾಕಿಕೊಂಡಿಲ್ಲ. ಕೇಳಿದರೆ ಅಳುತ್ತಾಳೆ.

"ಬಚ್ಚಲಂತೆ! ನಾಕು ಜನದ ಮುಂದೆ ಆಡೋ ಮಾತೇನೇ ಅದು?" ಕೋನಪ್ಪನವರು ಗದರಿದರು. "ಕೇರಿ ಬಾಗ್ಲಿಗೆ ಕಮಾನು ಹಾಕಿಸ್ತೀನಿ. ಅದರ ಮೇಲೆ ನಮ್ಮಪ್ಪನ ಹೆಸರು ಕೆತ್ತಿಸ್ತೀನಿ. ನೋಡಿದೋರು ಭೇಷ್ ಅನ್ಬೇಕು!"

ಹಲ್ಲಿಲ್ಲದ ಪೆದ್ದಮ್ಮ ಹಿಂದಿನಿಂದ ಕೇಳಿದಳು, "ನಿಮ್ಮಪ್ಪನ್ ಹೆಸರಿನ ಕೆಳಗೆ ಕೂತ್ಕೊಂಡು ಮೈ ತೊಳ್ಕಬೌದೇನಪ್ಪಾ?"

ಈ ಸಲ ಕಿಸಕ್ಕಲ್ಲ, ಕೇರಿಗೆ ಕೇರಿಯೇ ಗೊಳ್ಳೆಂದಿತು. ಸಾಹೇಬರೂ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು.

ಆದರೆ ಕಮಾನು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ಆಳುದ್ದದ ಕಲ್ಲುಚಪ್ಪಡಿಗಳು ಗಾಡಿಯಲ್ಲಿ ಬಂದು ಕೇರಿ ಬಾಗಿಲಲ್ಲಿ ಬಿದ್ದಿದ್ದವು. ಕೇರಿಯ ಅಭಿಪ್ರಾಯವನ್ನೂ ಗುಮಾಸ್ತ ಮೊದಲೇ ಬರೆದು ತಂದಿದ್ದ. ಎದ್ದು ಓದಿದ: "ಕೇರಿಯ ನಿವಾಸಿಗಳಾದ ನಾವು ಒಮ್ಮನಸ್ಸಿನಿಂದ ಕಮಾನನ್ನೇ ಬೇಡಿಕೊಳ್ಳುತ್ತೇವೆ."

"ಹೆಬ್ಬೆಟ್ಟು ಒತ್ರಿ," ಅಂದರು ಕೋನಪ್ಪನವರು. "ಒತ್ತದೋಳು ನಾಳೆಯಿಂದ ನನ್ನ ಒಲೆ ಹತ್ರ ಬರಾಂಗಿಲ್ಲ."

ನಗು ನಿಂತುಹೋಯಿತು. ಮನೆಯಲ್ಲಿ ಮುದ್ದೆ ಬೇಯಬೇಕಲ್ಲ! ಒಬ್ಬೊಬ್ಬಳೇ ಬಂದು ಮಸಿಗೆ ಬೆಟ್ಟು ಅದ್ದಿ ಒತ್ತಿದಳು. ಗಂಗುಲಮ್ಮನೂ ಒತ್ತಿದಳು. 'ನಿನ್ ಕಮಾನು ಮುರ್ಕೊಂಡು ಬೀಳ' ಎಂದು ಮನಸ್ಸಿನಲ್ಲೇ ಶಪಿಸುತ್ತ ಒತ್ತಿದಳು.

ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದರು. ಹುಬ್ಬು ಗಂಟಾಯಿತು.

"ಏನ್ರೀ ಇದು? ಬರೀ ಮಸಿ! ಒಂದರಲ್ಲೂ ಗೆರೆಯೇ ಇಲ್ಲ."

ಮತ್ತೆ ಒತ್ತಿಸಿದರು. ಮತ್ತೆ ಅದೇ, ಸಾಲಾಗಿ ಕಪ್ಪು ಮಚ್ಚೆ. ಪೆದ್ದಮ್ಮನ ಬೆಟ್ಟನ್ನು ದೂರದಿಂದಲೇ ಬಗ್ಗಿ ನೋಡಿದರು.

"ಗೆರೆ ಎಲ್ಲಮ್ಮಾ?"

"ಒಲೆ ತಿಂದಾಕ್ತು ಸ್ವಾಮಿ. ಬಿಸಿನೀರಾಗೆ ಬೆಂದು ಬೆಂದು ಸವೆದೋಯ್ತು."

ಆಗ ಮೂವತ್ತೆರಡು ಹೆಂಗಸರೂ ತಂತಮ್ಮ ಬೆಟ್ಟು ನೋಡಿಕೊಂಡರು. ಗಂಗುಲಮ್ಮ ಮಸಿ ಒರೆಸಿ ಬಿಸಿಲಿಗೆ ಹಿಡಿದಳು. ಬಿಳುಚಿಕೊಂಡ ಚರ್ಮ, ನುಣ್ಣಗೆ, ಒಂದು ಗೆರೆ ಇಲ್ಲ. ಇಷ್ಟು ವರ್ಷ ಈ ಕೈಯಲ್ಲೇ ಉಂಡಿದ್ದಳು, ನೋಡಿಕೊಂಡಿರಲಿಲ್ಲ. ಅಯ್ಯೋ ದ್ಯಾವುಡಾ, ದೇವರು ಬರೆದದ್ದನ್ನೂ ಈ ಸೂಳೇಮಗ ಅಳಿಸಿಬಿಟ್ಟನಲ್ಲ! ಸಿಟ್ಟು ಬಂತು, ಅದರ ಬೆನ್ನಿಗೇ ನಗುವೂ ಬಂತು.

"ಈ ಕಾಗದ ನಡೆಯೋಲ್ಲ," ಸಾಹೇಬರು ಎದ್ದರು. "ಎಲ್ಲಾ ಒಬ್ಬಳೇ ಒತ್ತಿದ್ದು ಅಂತ ಮೇಲಿನವರು ಅಂದ್ರೆ ನನ್ನ ಕೆಲಸ ಹೋಗುತ್ತೆ."

"ಹಂಗಾದ್ರೆ ಬಾಯಾಗೆ ಹೇಳ್ತೀವಿ," ಅಂದಳು ಗಂಗುಲಮ್ಮ. "ಬರ್ಕಳಿ. ಬಚ್ಚಲು!"

"ಬಾಯಿಮಾತಿಗೆ ಕಾನೂನಿಲ್ಲಮ್ಮ. ಹಣ ವಾಪಸ್ ಹೋಗುತ್ತೆ."

"ನೋಡಿದ್ರೇನ್ರೇ ದರಿದ್ರದೋರೆ? ನಿಮ್ ಬೆಟ್ಟಿಂದ ನಮ್ಮಪ್ಪನ್ ಕಮಾನು ಹೋಯ್ತು!" ಎಂದು ಕೋನಪ್ಪನವರು ಕಾಲು ನೆಲಕ್ಕೆ ಬಡಿದು, ಬಸ್ಸು ಬರುವ ತನಕ ಊಟ ಮಾಡಿಸಲು ಸಾಹೇಬರನ್ನು ಮನೆಗೆ ಕರೆದುಕೊಂಡು ಹೋದರು.

ಗಂಗುಲಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಹಣ ಹೋದ್ರೆ ಹೋಗ್ಲಿ, ಕಲ್ಲೇನು ಎದ್ದು ಹೋಗ್ತಾವಾ? ತತ್ರೇ ಹಾರೆ!"

ಬಂಡೆ ಒಡೆಯುವವರ ಮನೆಗಳಲ್ಲಿ ಹಾರೆಗೇನು ಬರ? ಹೆಂಗಸರು ಮೊಣಕಾಲುದ್ದ ತೋಡಿದರು. ಒಂದೊಂದು ಚಪ್ಪಡಿಗೆ ಹತ್ತು ಹತ್ತು ಜನ ಕೈ ಕೊಟ್ಟು, ಐಸಾ ಎಂದು ಎತ್ತಿ, ಒಳಹೋಗಲು ಒಂದು ಸಂದಿ ಬಿಟ್ಟು ಸುತ್ತ ಗೋಡೆಯಂತೆ ನಿಲ್ಲಿಸಿದರು. ಪೆದ್ದಮ್ಮ ಎತ್ತಲಾರದೆ ಬೈಗುಳ ಒದಗಿಸಿದಳು. ಒಂದೊಂದು ಕಲ್ಲಿಗೂ ಅಧ್ಯಕ್ಷರ ವಂಶದ ಒಬ್ಬೊಬ್ಬರ ಹೆಸರು.

ಸಾಹೇಬರನ್ನು ಬಸ್ಸು ಹತ್ತಿಸಲೆಂದು ಇಬ್ಬರು ಜವಾನರ ಸಮೇತ ಎಲೆಯಡಿಕೆ ಜಗಿಯುತ್ತ ವಾಪಸು ಬಂದ ಕೋನಪ್ಪನವರು ಬಾಯಿ ಬಿಟ್ಟು ನಿಂತರು.

"ಸರ್ಕಾರಿ ಕಲ್ಲು ಕಣ್ರೇ ಅದು! ಕೀಳ್ರೇ! ನಾಳೆ ಒಲೆ ಹತ್ರ ಒಬ್ಬಳು ಕಾಲಿಡಿ, ನೋಡ್ಕೋತೀನಿ!"

"ಇಡಲ್ಲ ಸ್ವಾಮಿ, ಮೂವತ್ತೆರಡು ಜನಾನೂ ಇಡಲ್ಲ," ಅಂದಳು ಗಂಗುಲಮ್ಮ. "ನಿಮ್ ಬೆಟ್ಟು ಇನ್ನೂ ಚೆಂದಾಗೈತಲ್ಲ, ಕುದಿಯೋ ನೀರಿಗೆ ನೀವೇ ಹಾಕಿ."

ಅಧ್ಯಕ್ಷರು ಜವಾನರಿಗೆ ಕೈಸನ್ನೆ ಮಾಡಿದರು. ಇಬ್ಬರೂ ಅಂಗಿತೋಳು ಮಡಚಿ ಹೊರಟರು. ಕೆಲಸದವರಿಗೆ ನೀರು ಹೊತ್ತು ತಂದಿದ್ದ ಆಂಜಿನಮ್ಮನ ರೆಟ್ಟೆಯನ್ನು ಗಂಗುಲಮ್ಮ ಹಿಡಿದು, ತುಂಬಿದ ಬಿಂದಿಗೆಯ ಸಮೇತ ಚಪ್ಪಡಿಗಳ ಒಳಕ್ಕೆ ತಳ್ಳಿ, ಸಂದಿಗೆ ಅಡ್ಡ ತಾನೇ ನಿಂತಳು. ಆಮೇಲೆ ಹುಡುಗಿಯ ಲಂಗ ಚಪ್ಪಡಿಯ ಮೇಲಿಂದ ಇಳಿಬಿತ್ತು.

"ಹೆಣ್ಮಗು ಮೀತಾವಳೆ," ಗಂಗುಲಮ್ಮ ರಸ್ತೆಗೆಲ್ಲ ಕೇಳುವಂತೆ ಕೂಗಿದಳು. "ಬರ್ರಪ್ಪ, ಯಾವೋನು ಕೀಳ್ತಾನೋ ಬರ್ಲಿ!"

ಜವಾನರು ಗಕ್ಕನೆ ಬೆನ್ನು ತಿರುಗಿಸಿದರು. ಸಾಹೇಬರು ತಿರುಗಿದರು. ಕೋನಪ್ಪನವರು ಹಲ್ಲು ಕಡಿಯುತ್ತ ಅತ್ತಿತ್ತ ನೋಡಿ, ಕಡೆಗೆ ಅವರೂ ತಿರುಗಿ ರಸ್ತೆಗೆ ಮುಖ ಮಾಡಿದರು. ಬಿಸಿಲಲ್ಲಿ ನಾಲ್ಕು ಬೆನ್ನುಗಳು ಸಾಲಾಗಿ ನಿಂತವು. ಹಿಂದೆ ನೀರು ಸುರಿಯುವ ಸದ್ದು.

"ಅಮ್ಮೋ," ಒಳಗಿಂದ ಆಂಜಿನಮ್ಮ ಕೂಗಿದಳು, "ಇನ್ನೊಂದು ಬಿಂದಿಗೆ ಕೊಡೇ. ನಿಧಾನಕ್ಕೆ ಹುಯ್ಕಂತೀನಿ, ನಿಂತಿರ್ಲಿ ಅವ್ರು!"