ಬಾವಿಕಟ್ಟೆಯ ಕಾಯಿ

ಭದ್ರಾವತಿಯ ಅಂಚಿನ ಗದ್ದೆಗೆ ಬೋರ್ ಲಾರಿ ಬಂದು ನಿಂತಿತ್ತು. ಪೂಜೆಯೂ ಮುಗಿದಿತ್ತು. ಕಾಯಿ ಒಡೆಯದೆ ಲಾರಿಯ ತಮಿಳು ಹುಡುಗರು ಮೆಷಿನ್ ಮುಟ್ಟುವವರಲ್ಲ. ಒಡೆಯಬೇಕಾದ ಭೀಮೇಶನೋ, ಕಾಯಿ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದ. ಹಿಂದೆ ಸೌದಿಯಲ್ಲಿ ಪಂಪು ರಿಪೇರಿ ಮಾಡಿದವನ ಕೈಗುಣ ನೀರಿಗೆ ಒಳ್ಳೆಯದೆಂದು ಭಾವ ಚೌಡಪ್ಪನೇ ಅವನನ್ನು ಶಿವಮೊಗ್ಗದ ರವೀಂದ್ರನಗರದಿಂದ ಕರೆಸಿದ್ದ.

ಅಕ್ಕ ಕರಿಬಸಮ್ಮ ಒಮ್ಮೆ ತಮ್ಮನನ್ನು, ಒಮ್ಮೆ ಗಂಡ ಚೌಡಪ್ಪನನ್ನು ನೋಡುತ್ತಿದ್ದಳು. ಗಂಡನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಬೇಸಿಗೆಯಲ್ಲೂ ಒಂದು ಭತ್ತ ತೆಗಿ, ಅಕ್ಕಿ ಸೌದಿಗೆ ಹೋಗುತ್ತೆ, ಒಳ್ಳೆ ರೇಟು ಸಿಗುತ್ತೆ ಎಂದು ಯಾರೋ ವ್ಯಾಪಾರಿ ಅವನ ತಲೆ ಕೆಡಿಸಿದ್ದ. ಬೋರಿಗೆ ಗುರುತು ಮಾಡಿದ ಜಾಗ ಬಾವಿಯ ಮಗ್ಗುಲಲ್ಲೇ ಇತ್ತು. ಕೇರಿಯ ಅರ್ಧ ಜನ ಕೊಡ ಹಿಡಿದು ಬರುವ ಬಾವಿ ಅದು. ಬತ್ತಿದರೆ ಏನು ಗತಿ ಎಂದು ಕರಿಬಸಮ್ಮ ಒಳಗೊಳಗೇ ಕುದಿಯುತ್ತಿದ್ದಳು.

"ಒಡಿಯೋ ಮಾರಾಯ, ಮುಹೂರ್ತ ಮೀರುತ್ತೆ!" ಚೌಡಪ್ಪ ಗದರಿದ.

"ಭಾವ, ಸೌದಿಯ ಆ ಮರಳಲ್ಲಿ ಅವರು ಗೋಧಿ ಬೆಳೀತಿದ್ರು. ಮಿಕ್ಕಿದ್ದನ್ನ ಹೊರದೇಶಕ್ಕೂ ಮಾರ್ತಿದ್ರು. ವರ್ಷ ವರ್ಷ ನಾವು ಪೈಪು ಇನ್ನೂ ಕೆಳಗೆ ಇಳಿಸೋದು. ನೆಲದೊಳಗಿನ ಹಳೇ ನೀರು, ಮತ್ತೆ ತುಂಬೋ ಅಂಥದ್ದಲ್ಲ."

"ಆಮೇಲೆ?"

"ಕಡಿಮೆ ಮಾಡ್ತಾ ಬಂದು ನಿಲ್ಸೇಬಿಟ್ರು. ಅಷ್ಟು ದುಡ್ಡಿರೋರು, ಅಷ್ಟು ಜಂಬದ ಬೆಳೆ! ಗೋಧಿ ಹೊರಗಿಂದ ತರಿಸ್ಕೊಳ್ಳೋಣ, ನೀರು ಉಳೀಲಿ ಅಂದ್ರು. ಭಲೇ ಅನ್ನಿಸ್ತು ನಂಗೆ. ಮಳೆಗಾಲದ ಭತ್ತ ಎಷ್ಟಾದ್ರೂ ಮಾರಿ ಭಾವ, ಬೇಡ ಅನ್ನಲ್ಲ. ಅವರ ನೀರು ಅವರು ಉಳಿಸ್ಕೊಂಡ್ರು. ನಮ್ಮ ಬಾವಿ ನಾವೇ ಬತ್ತಿಸ್ಕೋಬೇಕಾ?"

ಕರಿಬಸಮ್ಮನಿಗೆ ಹೆಮ್ಮೆ ಉಕ್ಕಿ ಬಂತು. ತಮ್ಮ ಸೌದಿಯಿಂದ ತಂದ ಅತ್ತರು, ಕಂಬಳಿಗಳನ್ನು ಕೇರಿಗೆಲ್ಲ ತೋರಿಸಿ ಮೆರೆದವಳು ಅವಳು. ಎಲ್ಲಕ್ಕಿಂತ ಬೆಲೆಬಾಳುವ ಈ ಮಾತನ್ನು ಪುಣ್ಯಾತ್ಮ ಇಷ್ಟು ವರ್ಷ ಬಿಚ್ಚಿರಲೇ ಇಲ್ಲವಲ್ಲ!

"ಗಂಗಮ್ಮಂಗೆ ಅಂತ ಎತ್ತಿದ ಕಾಯಿ, ವಾಪಸ್ ಇಡೋ ಹಾಗಿಲ್ಲ," ಎಂದ ಚೌಡಪ್ಪ. ದನಿ ತಗ್ಗಿತ್ತು.

ಕರಿಬಸಮ್ಮ ತಮ್ಮನ ಕೈಯಿಂದ ಕಾಯಿ ಕಿತ್ತುಕೊಂಡು ಸೀದಾ ಬಾವಿಕಟ್ಟೆಗೆ ನಡೆದಳು. ಒಂದೇ ಏಟಿಗೆ ಒಡೆದಳು.

"ಗಂಗಮ್ಮ ಇಲ್ಲೇ ಇದಾಳೆ ಕಣ್ರೀ."

ಮದುವೆಯಾದಾಗಿನಿಂದ ಗಂಡನಿಗೆ ಎದುರಾಡಿದವಳಲ್ಲ.

ಚೌಡಪ್ಪ ಹೋಳುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಲಾರಿಯ ಹುಡುಗರತ್ತ ತಿರುಗಿ, "ತಿಂಡಿ ತಿನ್ಕೊಂಡು ಹೊರಡ್ರಪ್ಪ," ಎಂದ. ಬಾವಿಯ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಕೈಮುಗಿದ.