ಎಲ್ವುಡ್ ಎದ್ದು ನಿಂತ ಸಂಜೆ

ನಮ್ಮ ಸ್ಟುಡಿಯೋದಲ್ಲಿ ಸಾಯುವುದಕ್ಕೆಂದೇ ಒಬ್ಬ ನಟನಿದ್ದ. ಹೆಸರು ಎಲ್ವುಡ್ ಟಿಬ್ಸ್. ಕೌಬಾಯ್ ಚಿತ್ರವಾಗಲಿ, ಕಡಲ್ಗಳ್ಳರ ಚಿತ್ರವಾಗಲಿ, ಹೀರೋಗೆ ಸಿಟ್ಟು ಬರಬೇಕಾದರೆ ಮೊದಲು ಎಲ್ವುಡ್ ಹೋಗಬೇಕು. ನಾನು ಅಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವವಳು. ಅವನ ಸಾವುಗಳೆಲ್ಲ ನನ್ನ ಕೈ ದಾಟಿಯೇ ಹೋಗಿವೆ.

ಅವನ ತಾಯಿ ಹೆಸ್ಟರ್ ನೆಬ್ರಾಸ್ಕಾದಲ್ಲಿದ್ದಳು. ಮಗನ ಒಂದು ಚಿತ್ರವನ್ನೂ ನೋಡಿರಲಿಲ್ಲ. ಹಿರಿಯ ಮಗ ರೂಫಸ್ ಫ್ರಾನ್ಸಿನ ಯುದ್ಧದಲ್ಲಿ ಸತ್ತಿದ್ದ. ಇನ್ನೊಬ್ಬ ಮಗ ಬೀಳುವುದನ್ನು ಸುಳ್ಳಿಗೂ ನೋಡಲಾರೆ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದಳು. ಈ ಸಲ ಕಥೆಯಲ್ಲಿ ಎಲ್ವುಡ್ ಕೊನೆಯವರೆಗೂ ಬದುಕಿದ್ದ. ಆ ಖುಷಿಗೆ ಚಿತ್ರ ನೋಡಲು ಬಾ ಎಂದು ತಾಯಿಯನ್ನು ಕರೆದುಬಿಟ್ಟ. ಆಕೆ ಒಪ್ಪಿದ ಮೇಲೆ ನಿರ್ದೇಶಕ ಕ್ರ್ಯಾಂಡಲ್‌ಗೆ ಜ್ಞಾನೋದಯವಾಯಿತು. ಕಥೆ ಬದಲಿಸಿ ಇವನನ್ನು ಹೆಂಡದಂಗಡಿಯ ಬಾಗಿಲಲ್ಲೇ ಗುಂಡು ಹೊಡೆಸಿ ಕೊಂದ. ತಾಯಿಗೆ ಬರಬೇಡ ಎನ್ನಲು ಎಲ್ವುಡ್‌ಗೆ ಬಾಯಿ ಬರಲಿಲ್ಲ.

ಹೋಗಿ ಕ್ರ್ಯಾಂಡಲ್‌ನನ್ನು ಬೇಡಿಕೊಂಡ. ನೀನು ಸಾಯದೆ ಹೀರೋ ಯಾರಿಗೋಸ್ಕರ ಅಳಬೇಕಯ್ಯಾ ಎಂದು ಆ ಮಹಾನುಭಾವ ಸಿಗಾರ್ ಹಚ್ಚಿಕೊಂಡನಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಅಮ್ಮ ಬಂದಿಳಿದಿದ್ದಾಳೆ ಕಣೇ ನೆಟ್ಟಿ," ಎಂದ ಎಲ್ವುಡ್. "ಹೊಸ ಹ್ಯಾಟ್ ಬೇರೆ ಹಾಕ್ಕೊಂಡಿದ್ದಾಳೆ. ಹೇಗಾದ್ರೂ ಮಾಡಿ ನನ್ನ ಬದುಕಿಸು."

ಬಿಡುಗಡೆಗೆ ಮೊದಲು ಯಾವುದಾದರೂ ಸಣ್ಣ ಊರಿನ ಥಿಯೇಟರಿನಲ್ಲಿ, ಹೇಳದೆ ಕೇಳದೆ ಚಿತ್ರ ತೋರಿಸಿ ಜನರ ನಾಡಿ ಹಿಡಿಯುವುದು ಸ್ಟುಡಿಯೋಗಳ ರೂಢಿ. ಈ ಸಲ ಪೊಮೋನಾ, ಎಲ್ವುಡ್ ತಾಯಿಯನ್ನು ಕರೆತರುವುದೂ ಅಲ್ಲಿಗೇ. ಒಂದು ಸಂಜೆಯ ಆಟ ತಾನೆ, ಬೆಳಗಾದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ಲ್ಯಾಬಿನ ಗೆಳತಿಯ ಕೈಕಾಲು ಹಿಡಿದು, ಅವನು ಬೀಳುವ ತುಣುಕನ್ನು ಹಿಂದುಮುಂದಾಗಿ ಅಚ್ಚು ಹಾಕಿಸಿದೆ. ಅದರಲ್ಲಿ ಮಾತಿರಲಿಲ್ಲ, ಬರೀ ಸಂಗೀತ. ಅವನು ಬಿದ್ದ ಕೂಡಲೇ ಇದನ್ನು ಅಂಟಿಸಿದರೆ, ಬಿದ್ದವನು ಎದ್ದು ನಿಲ್ಲುತ್ತಾನೆ. ಹೀರೋ ಅಳುವುದನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ. ಆ ಕೆಲಸ ಮಾಡುವಾಗ ಆದ ಸಂತೋಷ ಅಷ್ಟಿಷ್ಟಲ್ಲ.

ನಮ್ಮ ಕಸುಬಿನವರಿಗೆ ಒಂದು ರೋಗವಿದೆ. ಭೂತಗನ್ನಡಿ ಹಿಡಿದು ನಟನ ಮುಖ ನೋಡುತ್ತೇವೆಯೇ ಹೊರತು, ಅವನ ಹಿಂದೆ ಆನೆ ಹೋದರೂ ಕಾಣುವುದಿಲ್ಲ.

ಪೊಮೋನಾದಲ್ಲಿ ಗುಂಡು ಹಾರಿತು. ಹೆಸ್ಟರ್ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಡಮ್ಮಾ ಎಂದು ಎಲ್ವುಡ್ ಪಿಸುಗುಟ್ಟಿದ. ಪರದೆಯ ಮೇಲೆ ಅವನು ಮೆಲ್ಲಗೆ ಏಳತೊಡಗಿದ. ಕೆಸರಲ್ಲಿ ಬಿದ್ದಿದ್ದ ಟೋಪಿ ತಾನಾಗಿ ಹಾರಿ ತಲೆಗೇರಿತು. ಹಿಂದೆ ಕುದುರೆಯೊಂದು ಬಾಲ ಮುಂದೆ ಮಾಡಿಕೊಂಡು ನಡೆಯಿತು. ಬಾಗಿಲ ಬಳಿ ಹೊಗೆಸೊಪ್ಪು ಜಗಿಯುತ್ತಿದ್ದ ಮುದುಕನೊಬ್ಬನಿದ್ದ. ಅವನು ಉಗುಳಿದ್ದೆಲ್ಲ ನೆಲದಿಂದ ಚಿಮ್ಮಿ ನೆಟ್ಟಗೆ ಅವನ ಬಾಯಿಗೇ ಹೋಯಿತು.

ಜನ ಬಿದ್ದು ಬಿದ್ದು ನಕ್ಕರು. ಸ್ಟುಡಿಯೋ ಧಣಿ ಗ್ರೋಬರ್ ಸಾಹೇಬರೂ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕ್ರ್ಯಾಂಡಲ್ ಬಿಳಿಚಿಕೊಂಡು ಕೂತಿದ್ದ. ನಾನು ಕುರ್ಚಿಯೊಳಗೆ ಹುದುಗಿಹೋದೆ.

ಆಗ ಹೆಸ್ಟರ್ ಎದ್ದು ನಿಂತು ಹಿಂದಿನ ಸಾಲುಗಳತ್ತ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು.

"ನನ್ನ ಮಗ ಎದ್ದಿದ್ದಾನೆ. ಇದ್ರಲ್ಲಿ ನಗೋಕೇನಿದೆ?"

ಗ್ರೋಬರ್ ಕರವಸ್ತ್ರ ಜೇಬಿಗೆ ತುರುಕಿಕೊಂಡರು. ಎಲ್ವುಡ್ ತಾಯಿಯ ಕೈ ಹಿಡಿದು ಕೂರಿಸಿದ.

ಮರುದಿನ ಗ್ರೋಬರ್ ಕೈಲಿ ಮಂಗಳಾರತಿ ಮಾಡಿಸಿಕೊಂಡೆ. ಕ್ರ್ಯಾಂಡಲ್ ಕೇಳಿದಂತೆ ಮನೆಗೆ ಕಳಿಸಲಿಲ್ಲ, ಆದರೆ ಬಹಳ ಕಾಲ ಹಂದಿ ಪ್ರದರ್ಶನದ ಸುದ್ದಿಚಿತ್ರಗಳನ್ನು ಕತ್ತರಿಸುವ ಶಿಕ್ಷೆಯಾಯಿತು. ಬುಟ್ಟಿಯಲ್ಲಿದ್ದ ಅಳು ಮತ್ತೆ ಚಿತ್ರ ಸೇರಿತು, ಎಲ್ವುಡ್ ಮತ್ತೆ ಸತ್ತ. ಚಿತ್ರ ಹಾಗೆಯೇ ದೇಶವೆಲ್ಲ ಸುತ್ತಿ ನೆಬ್ರಾಸ್ಕಾ ಮುಟ್ಟಿತು. ತಾಯಿ ಹಟ ಹಿಡಿದು, ಊರಿಗೆ ಬಂದಿದ್ದ ಮಗನನ್ನೂ ಥಿಯೇಟರಿಗೆ ಎಳೆದುಕೊಂಡು ಹೋದಳಂತೆ. ಪರದೆಯ ಮೇಲೆ ಗುಂಡು ಹಾರಿತು, ಇವನು ಬಿದ್ದ, ಹೀರೋ ಗೋಳೋ ಎಂದು ಅತ್ತ. ಈ ಸಲ ಹೆಸ್ಟರ್ ಕಣ್ಣು ಮುಚ್ಚಲಿಲ್ಲ. ಮೂಗೊರೆಸಿಕೊಳ್ಳುತ್ತಿದ್ದ ಪಕ್ಕದ ಮನೆಯವಳ ತೊಡೆ ತಟ್ಟಿ ಹೇಳಿದಳಂತೆ:

"ಸುಮ್ನಿರೇ, ಅಳ್ಬೇಡ. ಇವ್ರು ಪೂರ್ತಿ ತೋರ್ಸಿಲ್ಲ ಅಷ್ಟೇ. ಆಮೇಲೆ ಎದ್ದೇಳ್ತಾನೆ. ನಾನು ಕಣ್ಣಾರೆ ನೋಡಿದೀನಿ."